ಗುರಿಕಾರರ ಮನೆಯಿಂದ ಶುರುಮಾಡಿ: ಸಣ್ಣ ಚರ್ಚಿನಲ್ಲಿ ಜ್ಞಾನಸ್ನಾನದಿಂದ ಮಣ್ಣಿನವರೆಗೆ

ಮುಂಬೈಯಿಂದಲೋ ದುಬೈಯಿಂದಲೋ ಊರಿಗೆ ವಾಪಸ್ ಬಂದವರು, ಮದುವೆಯಾಗಿ ಬೇರೆ ಚರ್ಚಿನಿಂದ ನಮ್ಮಲ್ಲಿಗೆ ಸೇರಿದವರು, ಮಣಿಪಾಲದಲ್ಲಿ ಕೆಲಸ ಸಿಕ್ಕಿತೆಂದು ಒಳಗಿನ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದವರು, ಇವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮಗುವಿಗೆ ಜ್ಞಾನಸ್ನಾನ ಮಾಡಿಸಬೇಕು, ಯಾರನ್ನು ಕೇಳುವುದು?" ಕೆಲವರು ನೇರ ಚರ್ಚ್ ಆಫೀಸಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಫಾದರ್ ಕೇಳುವ ಮೊದಲ ಮಾತು, "ನೀವು ಯಾವ ವಾಳೆಯವರು?" ಉತ್ತರ ಗೊತ್ತಿರುವುದಿಲ್ಲ. ಅಲ್ಲಿಗೆ ಮುಜುಗರ ಶುರು.

ನಾನು ಉಡುಪಿ ಜಿಲ್ಲೆಯ ಒಂದು ಸಣ್ಣ ಕಥೋಲಿಕ ಚರ್ಚಿನಲ್ಲಿ ಆರು ವರ್ಷ ವಾಳೆಯ ಗುರಿಕಾರ, ಅಂದರೆ ಮನೆಗಳ ಗುಂಪಿನ ಮುಖಂಡ, ಕೆಲಸ ಮಾಡಿದ್ದೇನೆ. ನೂರೈವತ್ತು ಮನೆಯೂ ಇಲ್ಲದ ಚರ್ಚು. ಒಬ್ಬರೇ ಫಾದರ್. ಆಫೀಸಿನಲ್ಲಿ ಕ್ಲರ್ಕ್ ಅಂತ ಯಾರೂ ಇಲ್ಲ. ಮಂಗಳೂರು ಪೇಟೆಯ ದೊಡ್ಡ ಚರ್ಚುಗಳಲ್ಲಿ ಇರುವ ಹಾಗೆ ದಿನವಿಡೀ ತೆರೆದ ಕಚೇರಿ, ಅರ್ಜಿ ಫಾರ್ಮು, ಅದೆಲ್ಲ ಇಲ್ಲಿ ಕಡಿಮೆ. ಇಲ್ಲಿ ಕೆಲಸ ನಡೆಯುವುದು ಗುರುತಿನ ಮೇಲೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಅಗತ್ಯ ಬಂದಾಗ ಹೋಗಬೇಡಿ, ಬರುವ ಮುಂಚೆ ಹೋಗಿ. ಜ್ಞಾನಸ್ನಾನ, ಮದುವೆ ಎಂದು ನಮ್ಮ ಸಂಸ್ಕಾರ ಏಳು ಇರಬಹುದು, ಆದರೆ ಬಾಗಿಲು ಒಂದೇ, ನಿಮ್ಮ ವಾಳೆ.

ಮೊದಲ ತಿಂಗಳು

ವಾಳೆ ಅಂದರೆ ಹದಿನೈದು ಇಪ್ಪತ್ತು ಮನೆಗಳ ಒಂದು ಗುಂಪು. ಕೊಂಕಣಿಯಲ್ಲಿ ವಾಡೊ. ಪ್ರತಿ ವಾಳೆಗೂ ಒಬ್ಬ ಗುರಿಕಾರ ಇರುತ್ತಾರೆ, ಅವರು ಆ ಮನೆಗಳವರೇ ಆರಿಸಿದವರು. ಹೊಸ ಮನೆಗೆ ಬಂದ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಓಡಿ ಹೋಗಬೇಡಿ. ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿ. "ನಾವು ಇಂಥ ಕಡೆ ಮನೆ ಮಾಡಿದ್ದೇವೆ, ಆ ಕಡೆಯ ಗುರಿಕಾರರು ಯಾರು?" ಅಂತ ಯಾರನ್ನಾದರೂ ಕೇಳಿ. ಐದು ನಿಮಿಷದಲ್ಲಿ ಅವರೇ ನಿಮ್ಮ ಮುಂದೆ ಬಂದು ನಿಂತಿರುತ್ತಾರೆ.

ಅವರಿಗೆ ಮನೆಯವರ ಹೆಸರು, ಫೋನ್ ನಂಬರು, ಮೊದಲು ಯಾವ ಚರ್ಚಿನಲ್ಲಿದ್ದಿರಿ ಅನ್ನುವುದನ್ನು ಕೊಡಿ. ಹಳೆಯ ಚರ್ಚಿನಿಂದ ಒಂದು ಪತ್ರ ತಂದರೆ ಒಳ್ಳೆಯದು, ನೀವು ಅಲ್ಲಿಯವರಾಗಿದ್ದಿರಿ ಎಂದು ಆ ಫಾದರ್ ಬರೆದುಕೊಡುವ ಎರಡು ಸಾಲು ಸಾಕು. ಆಮೇಲೆ ನಿಮ್ಮ ಮನೆಯ ಹೆಸರು ಚರ್ಚಿನ ಕುಟುಂಬ ಪುಸ್ತಕಕ್ಕೆ ಹೋಗುತ್ತದೆ. ವರ್ಷಕ್ಕೆ ಇಷ್ಟು ಎಂದು ಚರ್ಚಿನ ವಂತಿಗೆ ಇರುತ್ತದೆ, ಅದು ಎಷ್ಟು ಅಂತ ಸಂಕೋಚ ಇಲ್ಲದೆ ಕೇಳಿ. ಕೊಡಲು ಕಷ್ಟ ಇದ್ದರೆ ಅದನ್ನೂ ಹೇಳಿ. ವಂತಿಗೆ ಬಾಕಿ ಇದೆ ಎಂದು ಚರ್ಚಿಗೆ ಬರುವುದನ್ನೇ ನಿಲ್ಲಿಸಿದ ಮನೆಗಳನ್ನು ನಾನು ನೋಡಿದ್ದೇನೆ, ನೋವಾಗುತ್ತದೆ. ಮನೆಯ ಪರಿಸ್ಥಿತಿಯನ್ನು ಗುರಿಕಾರರ ಹತ್ತಿರ ಒಂದು ಸಲ ಬಿಚ್ಚಿ ಹೇಳಿದ್ದರೆ ಸಾಕಿತ್ತು, ಅಲ್ವಾ?

ವಾಳೆಯ ಕೂಟ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ನಡೆಯುತ್ತದೆ. ಬೈಬಲ್ ಓದುತ್ತಾರೆ, ಹಾಡುತ್ತಾರೆ, ಯಾರಿಗೆ ಹುಷಾರಿಲ್ಲ, ಯಾರ ಮನೆಯ ಮಾಡು ಸೋರುತ್ತಿದೆ ಅನ್ನುವುದೆಲ್ಲ ಅಲ್ಲೇ ಬರುತ್ತದೆ. ಮೊದಲ ಕೂಟಕ್ಕೆ ತಪ್ಪದೆ ಹೋಗಿ. ಕೊಂಕಣಿ ಬಾರದಿದ್ದರೂ ಪರವಾಗಿಲ್ಲ, ತುಳು ಕನ್ನಡ ಎಲ್ಲ ನಡೆಯುತ್ತದೆ.

ಪುಸ್ತಕದ ಒಂದು ಸಾಲು

ಮುಂದೆ ಹೋಗುವ ಮುಂಚೆ ಜ್ಞಾನಸ್ನಾನದ ದಾಖಲೆ ಪುಸ್ತಕದ ಬಗ್ಗೆ ಹೇಳಲೇಬೇಕು. ಏಕೆಂದರೆ ನಿಮ್ಮ ಮುಂದಿನ ಎಲ್ಲ ಕಾಗದವೂ ಅಲ್ಲಿಂದಲೇ ಹೊರಡುತ್ತದೆ.

ನಮ್ಮ ಚರ್ಚಿನಲ್ಲಿ ಅದು ಉದ್ದದ ದಪ್ಪ ರಟ್ಟಿನ ಪುಸ್ತಕ. ತೆರೆದರೆ ಎರಡು ಪುಟವೂ ಸೇರಿ ಒಂದೇ ಸಾಲು. ಎಡಕ್ಕೆ ಕ್ರಮಸಂಖ್ಯೆ, ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ಮಗುವಿನ ಹೆಸರು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಕೊಟ್ಟ ಗುರುಗಳ ಸಹಿ. ಬಲಗಡೆ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಹುಟ್ಟಿದಾಗ ಅದು ಖಾಲಿ. ದೃಢೀಕರಣ (ಜ್ಞಾನಸ್ನಾನದಲ್ಲಿ ಪಡೆದ ವಿಶ್ವಾಸವನ್ನು ಗಟ್ಟಿಮಾಡುವ ಸಂಸ್ಕಾರ) ಆದಾಗ ಅಲ್ಲಿ ಒಂದು ಸಾಲು ಬೀಳುತ್ತದೆ. ಮದುವೆಯಾದಾಗ ಇನ್ನೊಂದು, ಯಾರ ಜೊತೆ, ಯಾವ ಚರ್ಚಿನಲ್ಲಿ, ಯಾವ ದಿನ. ಗುರುದೀಕ್ಷೆಯಾದರೂ, ಕನ್ಯಾಮಠದಲ್ಲಿ ನಿತ್ಯವ್ರತ ತೆಗೆದುಕೊಂಡರೂ ಅಲ್ಲೇ. ನೀವು ಅಮೆರಿಕಾದಲ್ಲಿ ಮದುವೆಯಾದರೂ ಅಲ್ಲಿನ ಚರ್ಚು ನಿಮ್ಮ ಜ್ಞಾನಸ್ನಾನದ ಚರ್ಚಿಗೆ ತಿಳಿಸಬೇಕು ಎನ್ನುವುದು ಧರ್ಮಸಭೆಯ ಕಾನೂನು. ನನ್ನ ಅಜ್ಜಿಯ ಸಾಲನ್ನು ನಾನು ಒಮ್ಮೆ ನೋಡಿದೆ. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು, ಮದುವೆಯ ಸಾಲು ಮಾತ್ರ ಬೇರೆ ಕೈಬರಹದಲ್ಲಿ, ಸ್ವಲ್ಪ ವಾಲಿಕೊಂಡು. ಅಷ್ಟು ಸಣ್ಣ ಜಾಗದಲ್ಲಿ ಅಜ್ಜಿಯ ಇಡೀ ಬದುಕು ಇತ್ತು.

ಈಗ ಕೆಲಸದ ಮಾತು. ಉಡುಪಿ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಕೈಕೆಳಗಿನ ಚರ್ಚುಗಳ ಪ್ರದೇಶ) ಮಂಗಳೂರಿನಿಂದ ಬೇರೆಯಾದದ್ದು 2012ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದವರು "ನಮ್ಮ ದಾಖಲೆ ಈಗ ಮಂಗಳೂರಿನಲ್ಲಾ, ಉಡುಪಿಯ ಪ್ರಧಾನ ಚರ್ಚು ಇರುವ ಕಲ್ಯಾಣಪುರದಲ್ಲಾ?" ಅಂತ ಗಾಬರಿಯಾಗುತ್ತಾರೆ. ಎರಡೂ ಕಡೆ ಹುಡುಕಬೇಡಿ. ಯಾವ ಚರ್ಚಿನಲ್ಲಿ ಜ್ಞಾನಸ್ನಾನ ಆಯಿತೋ ಪುಸ್ತಕ ಆ ಚರ್ಚಿನಲ್ಲೇ ಇರುತ್ತದೆ, ಅಲ್ಲೇ ಕೇಳಿ. ಹೋಗುವಾಗ ಹುಟ್ಟಿದ ದಿನ, ತಂದೆತಾಯಿಯ ಹೆಸರು, ಆಗಿನ ವಿಳಾಸ ಬರೆದುಕೊಂಡು ಹೋಗಿ. "ತೊಂಬತ್ತರ ಆಸುಪಾಸು" ಅಂದರೆ ಫಾದರ್ ಎಷ್ಟು ಪುಟ ತಿರುವಬೇಕು ಯೋಚಿಸಿ. ಭಾನುವಾರ ಪೂಜೆಯ ಮುಂಚೆ ಕೇಳಬೇಡಿ, ಆಗ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ.

ಹೆಸರಿನ ಅಕ್ಷರ ಈಗಲೇ ನೋಡಿಕೊಳ್ಳಿ. ಚರ್ಚಿನ ಪುಸ್ತಕದಲ್ಲಿ ಒಂದು, ಪಂಚಾಯತಿನ ಜನನ ಪತ್ರದಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಆಗಿದ್ದರೆ ಮುಂದೆ ಪಾಸ್‌ಪೋರ್ಟಿಗೋ ವೀಸಾಕ್ಕೋ ಕಣ್ಣೀರು ಬರಿಸುತ್ತದೆ. ಮಗುವಿನ ಜನನ ಪತ್ರ ಕೈಗೆ ಬಂದ ಮೇಲೆ ಅದರ ಪ್ರತಿ ಇಟ್ಟುಕೊಂಡೇ ಜ್ಞಾನಸ್ನಾನದ ಹೆಸರು ಬರೆಸಿ. ಒಮ್ಮೆ ಬರೆದದ್ದನ್ನು ಫಾದರ್ ಸುಮ್ನೆ ಗೀಚಿ ತಿದ್ದಲು ಬರುವುದಿಲ್ಲ.

ಜ್ಞಾನಸ್ನಾನ

ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಿ ಎನ್ನುತ್ತದೆ ಧರ್ಮಸಭೆ. ಗಲ್ಫಿನಿಂದ ತಂದೆ ಬರಲಿ, ಹಾಲ್ ಸಿಗಲಿ, ದೊಡ್ಡಪ್ಪನ ರಜೆ ಹೊಂದಲಿ ಅಂತ ನಾವು ಎಂಟು ತಿಂಗಳು ಎಳೆಯುತ್ತೇವೆ. ತಂದೆಗಾಗಿ ಕಾಯುವುದು ನನಗೆ ಅರ್ಥವಾಗುತ್ತದೆ. ಹಾಲಿಗಾಗಿ ಕಾಯಬೇಡಿ. ಭಾನುವಾರದ ಪೂಜೆಯಲ್ಲೇ ಎಲ್ಲರ ಎದುರು ಮಾಡಿಸಿ, ಮನೆಯಲ್ಲಿ ಊಟ ಹಾಕಿ, ಚೆಂದ ಇರುತ್ತದೆ.

ಜ್ಞಾನತಂದೆ ಜ್ಞಾನತಾಯಿ ಯಾರಾಗಬಹುದು ಅನ್ನುವುದರಲ್ಲಿ ತುಂಬಾ ಗೊಂದಲ. ಒಬ್ಬರು ಇದ್ದರೂ ಸಾಕು, ಇಬ್ಬರಾದರೆ ಒಬ್ಬ ಗಂಡು ಒಬ್ಬ ಹೆಣ್ಣು. 16 ವರ್ಷ ತುಂಬಿರಬೇಕು, ಕಥೋಲಿಕರಾಗಿರಬೇಕು, ಪರಮಪ್ರಸಾದ (ಪೂಜೆಯಲ್ಲಿ ಯೇಸುವಿನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಮತ್ತು ದೃಢೀಕರಣ ಎರಡೂ ಆಗಿರಬೇಕು, ಮಗುವಿನ ಸ್ವಂತ ತಂದೆತಾಯಿ ಆಗಬಾರದು. ನಿಮ್ಮ ಆತ್ಮೀಯ ಗೆಳತಿ ಕಥೋಲಿಕಳಲ್ಲ ಅಂದರೆ ಅವಳು ಜ್ಞಾನತಾಯಿ ಆಗಲು ಬರುವುದಿಲ್ಲ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮಗುವನ್ನು ಎತ್ತಿಕೊಳ್ಳಲು ಕೊಡಿ. ಅವಳಿಗೂ ಮೊದಲೇ ವಿಷಯ ಹೇಳಿಬಿಡಿ, ಆ ದಿನ ಬೇಸರವಾಗಬಾರದು. ನಮ್ಮ ಕಡೆ ಮೊದಲ ಮಗುವಿಗೆ ಅಜ್ಜ ಅಜ್ಜಿಯನ್ನೇ ನಿಲ್ಲಿಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಒಳ್ಳೆಯ ರೂಢಿಯೇ. ಆದರೆ ಮಗು ಹದಿನೈದು ದಾಟುವಾಗ ಪಕ್ಕದಲ್ಲಿ ನಿಂತು ಮಾತಾಡಬಲ್ಲ ಒಬ್ಬರು ಬೇಕು ಅನ್ನುವುದನ್ನೂ ನೆನಪಿಡಿ.

ಆ ದಿನ ತರಬೇಕಾದದ್ದು ಒಂದು ಬಿಳಿ ಬಟ್ಟೆ, ಒಂದು ಮೇಣದ ಬತ್ತಿ, ಒರೆಸಲು ಮೆತ್ತನೆಯ ಟವೆಲ್. ಅಂಗಿಯ ಕುತ್ತಿಗೆ ಮುಂದೆ ಬಿಚ್ಚುವ ಹಾಗಿರಲಿ, ಎದೆಗೆ ಎಣ್ಣೆ ಹಚ್ಚುತ್ತಾರೆ. ಆಮೇಲೆ ತಲೆಯ ಮೇಲೆ ಮೂರು ಸಲ ನೀರು, ನಂತರ ನೆತ್ತಿಗೆ ಇನ್ನೊಂದು ಪವಿತ್ರ ತೈಲ. ಪಾಸ್ಖ ದೀಪದಿಂದ (ಈಸ್ಟರಿನಲ್ಲಿ ಹಚ್ಚುವ ದೊಡ್ಡ ಮೇಣದ ಬತ್ತಿ) ಜ್ಞಾನತಂದೆ ಮೇಣದ ಬತ್ತಿ ಹಚ್ಚಿಕೊಂಡು ಬರಬೇಕು. ಫ್ಯಾನ್ ತಿರುಗುತ್ತಿದ್ದರೆ ಅದು ಆರುತ್ತದೆ. ಆ ಭಾಗದ ಫ್ಯಾನ್ ಆರಿಸಲು ಪೂಜೆಯ ಸಾಮಾನು ನೋಡಿಕೊಳ್ಳುವ ಸಾಕ್ರಿಸ್ಟಿಯವರಿಗೆ ಮೊದಲೇ ಹೇಳಿ. ನನ್ನ ತಂಗಿಯ ಮಗನ ದಿನ ಭಾವ ಎರಡೂ ಕೈ ಬೊಗಸೆ ಮಾಡಿ ಜ್ವಾಲೆಯನ್ನು ಕಾಯುತ್ತಾ ಒಂದೊಂದೇ ಹೆಜ್ಜೆ ಇಟ್ಟು ಬಂದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನೊಂದು ಮಾತು, ಇದು ಯಾರಿಗೂ ಬೇಕಾಗದಿರಲಿ. ಮಗು ಹುಟ್ಟಿದ ಕೂಡಲೇ ಜೀವಕ್ಕೆ ಅಪಾಯ ಅಂದರೆ ಫಾದರ್ ಬರುವವರೆಗೆ ಕಾಯಬೇಕಿಲ್ಲ. ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನರ್ಸ್ ಕೂಡ. ತಲೆಯ ಮೇಲೆ ನೀರು ಹಾಕುತ್ತಾ, ಹೆಸರು ಹೇಳಿ, "ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎನ್ನಬೇಕು. ಆಮೇಲೆ ಚರ್ಚಿಗೆ ತಿಳಿಸಿ ಪುಸ್ತಕದಲ್ಲಿ ಬರೆಸಿ. ಮಗು ಉಳಿದರೆ ನೀರನ್ನು ಮತ್ತೆ ಹಾಕುವುದಿಲ್ಲ, ಉಳಿದ ವಿಧಿಗಳನ್ನು ಚರ್ಚಿನಲ್ಲಿ ಪೂರ್ತಿ ಮಾಡುತ್ತಾರೆ.

ಮಕ್ಕಳು, ಧರ್ಮೋಪದೇಶ, ಪಾಪನಿವೇದನೆ

ಮೊದಲ ಪರಮಪ್ರಸಾದ, ದೃಢೀಕರಣ ಎರಡಕ್ಕೂ ದಾರಿ ಭಾನುವಾರದ ಧರ್ಮೋಪದೇಶ ತರಗತಿ. ಹಿರಿಯರು ಇನ್ನೂ ದೊತೊರ್ನ್ ಅಂತಲೇ ಹೇಳುವುದು. ಮಗುವನ್ನು ಒಂದನೇ ತರಗತಿಯಿಂದಲೇ ಕಳಿಸಿ. ಪರಮಪ್ರಸಾದದ ವರ್ಷ ಮಾತ್ರ ಬಂದು "ಈ ಮೇ ತಿಂಗಳಲ್ಲೇ ಆಗಬೇಕು" ಎಂದು ಹಠ ಹಿಡಿದರೆ ಟೀಚರಿಗೂ ಕಷ್ಟ, ಮಗುವಿಗೂ ಕಷ್ಟ. ಆ ಟೀಚರುಗಳು ಸಂಬಳ ಇಲ್ಲದೆ ಬರುವವರು ಅನ್ನುವುದು ನೆನಪಿರಲಿ. ಬೇರೆ ಊರಿನಲ್ಲಿ ಜ್ಞಾನಸ್ನಾನ ಆದ ಮಕ್ಕಳಿಗೆ ಅಲ್ಲಿಂದ ಪತ್ರ ಬೇಕು, ಶಾಲೆ ಶುರುವಾಗುವ ಜೂನಿನಲ್ಲೇ ತರಿಸಿಡಿ. ದೃಢೀಕರಣಕ್ಕೆ ಬಿಷಪ್ ಬರಬೇಕು, ಸಣ್ಣ ಚರ್ಚಿನಲ್ಲಿ ಅದು ಪ್ರತಿ ವರ್ಷ ಇರುವುದಿಲ್ಲ. ಹಾಗಾಗಿ ಒಂದು ಸಲ ತಪ್ಪಿದರೆ ಕಾಯಬೇಕಾಗುತ್ತದೆ.

ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ನೀರು ಮತ್ತು ಔಷಧಿ ಪರವಾಗಿಲ್ಲ.

ಪಾಪನಿವೇದನೆ, ಅಂದರೆ ನಮ್ಮ ಕುಮ್ಸಾರ್. ಹತ್ತು ಹದಿನೈದು ವರ್ಷ ಹೋಗದವರು ಹೆದರುತ್ತಾರೆ. ಹೆದರಬೇಡಿ. ಸಣ್ಣ ಊರಿನಲ್ಲಿ ಇನ್ನೊಂದು ಅಳುಕು ಇರುತ್ತದೆ, ಫಾದರಿಗೆ ನನ್ನ ದನಿ ಗುರುತು, ನಾಳೆ ಎದುರು ಸಿಗುತ್ತಾರೆ ಅಂತ. ಆ ಅಳುಕು ಇರುವವರಿಗೆ ನಾನು ಹೇಳುವ ಉಪಾಯ ಇದು. ಕ್ರಿಸ್ಮಸ್ ಮತ್ತು ಈಸ್ಟರ್ ಮುಂಚೆ ಅಕ್ಕಪಕ್ಕದ ಚರ್ಚುಗಳಿಂದ ನಾಲ್ಕೈದು ಗುರುಗಳು ಬಂದು ಕೂರುತ್ತಾರೆ, ಗುರುತಿಲ್ಲದವರ ಸಾಲಿನಲ್ಲಿ ನಿಲ್ಲಿ. ಇಲ್ಲವೇ ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬೆಸಿಲಿಕಾಕ್ಕೋ ಮಂಗಳೂರಿನ ಬಿಕರ್ನಕಟ್ಟೆ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೋ ಹೋದಾಗ ಮಾಡಿ. ಒಳಗೆ ಹೋಗಿ ಮೊದಲೇ ಹೇಳಿಬಿಡಿ, "ಫಾದರ್, ತುಂಬಾ ವರ್ಷ ಆಯಿತು, ಹೇಗೆ ಮಾಡುವುದು ಮರೆತುಹೋಗಿದೆ." ಉಳಿದದ್ದನ್ನು ಅವರೇ ಕೈಹಿಡಿದು ನಡೆಸುತ್ತಾರೆ. ಅಲ್ಲಿ ಹೇಳಿದ ಒಂದು ಮಾತನ್ನೂ ಗುರುಗಳು ಹೊರಗೆ ಹೇಳುವ ಹಾಗಿಲ್ಲ, ಕೋರ್ಟಿನಲ್ಲೂ, ಜೀವ ಹೋದರೂ. ಆಮೇಲೆ ಹೊರಗೆ ಬಂದು ಅಂಗಳದ ಗಾಳಿಗೆ ನಿಂತಾಗ ಎದೆ ಹಗುರಾಗುವುದಿದೆಯಲ್ಲ, ಅದನ್ನು ನಾನು ಬಾಯಲ್ಲಿ ಹೇಳಲಾರೆ.

ಮದುವೆ

ಇಲ್ಲಿ ಸ್ವಲ್ಪ ನಿಧಾನ ಓದಿ. ಜಾಸ್ತಿ ತಪ್ಪುಗಳು ಆಗುವುದು ಇಲ್ಲೇ.

ಹಾಲ್ ಬುಕ್ ಮಾಡಿ, ಕಾರ್ಡ್ ಮುದ್ರಿಸಿ, ಆಮೇಲೆ ಫಾದರ್ ಹತ್ತಿರ ಹೋಗುವವರು ಇದ್ದಾರೆ. ದಯವಿಟ್ಟು ತಿರುಗಿಸಿ ಮಾಡಿ. ಮೊದಲು ಫಾದರ್, ಆಮೇಲೆ ಹಾಲ್. ಕನಿಷ್ಠ ಆರು ತಿಂಗಳು ಮುಂಚೆ ಹೋದರೆ ಎಲ್ಲ ಆರಾಮ. ಈಸ್ಟರ್ ಮುಂಚಿನ ತಪಸ್ಸುಕಾಲದಲ್ಲಿ ಮತ್ತು ಕ್ರಿಸ್ಮಸ್ ಮುಂಚಿನ ಆಗಮನ ಕಾಲದಲ್ಲಿ ನಮ್ಮಲ್ಲಿ ಮದುವೆ ಇಡುವುದಿಲ್ಲ, ಆ ವಾರಗಳನ್ನು ಕ್ಯಾಲೆಂಡರಿನಲ್ಲಿ ಹೊಡೆದು ಹಾಕಿ ಶುರುಮಾಡಿ.

ಬೇಕಾಗುವ ಕಾಗದಗಳು ಇವು: ಇಬ್ಬರದೂ ಜ್ಞಾನಸ್ನಾನದ ಪತ್ರ, ಹೊಸದಾಗಿ ತೆಗೆಸಿದ್ದು, ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಮನೆಯ ಕಬೋರ್ಡಿನಲ್ಲಿರುವ ಹಳೆಯ ಪತ್ರ ನಡೆಯುವುದಿಲ್ಲ. ಏಕೆ ಅಂದರೆ ಆ ಬಲಗಡೆಯ ಜಾಗದಲ್ಲಿ ಇವತ್ತಿಗೂ ಮದುವೆಯ ಸಾಲು ಬಿದ್ದಿಲ್ಲ, ಬೇರೆ ಮದುವೆ ಆಗಿಲ್ಲ ಅನ್ನುವುದು ಅದರಿಂದಲೇ ಗೊತ್ತಾಗಬೇಕು. ಆಮೇಲೆ ದೃಢೀಕರಣದ ದಾಖಲೆ, ಮದುವೆ ತಯಾರಿ ಶಿಬಿರಕ್ಕೆ ಹೋದ ಸರ್ಟಿಫಿಕೇಟು, ವಯಸ್ಸಿನ ದಾಖಲೆ. ಹೊರದೇಶದಲ್ಲಿ ಇದ್ದವರಾದರೆ ಅಲ್ಲಿನ ಚರ್ಚಿನಿಂದ ಈತ ಅವಿವಾಹಿತ ಎಂದು ಒಂದು ಪತ್ರ. ವಿಧವೆ ವಿಧುರರಾದರೆ ತೀರಿಕೊಂಡವರ ಮರಣ ಪತ್ರ. ಇದೆಲ್ಲ ಆದ ಮೇಲೆ ಇಬ್ಬರ ಚರ್ಚಿನಲ್ಲೂ ಮದುವೆಯ ಘೋಷಣೆ ಓದುತ್ತಾರೆ. ಯಾರಿಗಾದರೂ ತಡೆ ಗೊತ್ತಿದ್ದರೆ ಹೇಳಲಿ ಎಂದು ಅದನ್ನು ಓದುವುದು.

ನನ್ನ ಮದುವೆಯಲ್ಲೇ ಆದ ಕಷ್ಟ ಹೇಳುತ್ತೇನೆ. ನನ್ನ ಗಂಡನ ಜ್ಞಾನಸ್ನಾನ ಆದದ್ದು ಬೇರೆ ರಾಜ್ಯದ ಒಂದು ದೊಡ್ಡ ಊರಿನ ಚರ್ಚಿನಲ್ಲಿ. ಪತ್ರಕ್ಕೆ ಬರೆದೆವು, ಉತ್ತರ ಇಲ್ಲ. ಫೋನ್ ಮಾಡಿದರೆ "ಮುಂದಿನ ವಾರ". ಐದು ವಾರ ಹೋಯಿತು. ಬಂದ ಪತ್ರದಲ್ಲಿ ಅತ್ತೆಯ ಹೆಸರು ತಪ್ಪು. ಮತ್ತೆ ಕಳಿಸಿ, ಮತ್ತೆ ಕಾದು, ಘೋಷಣೆ ಓದಲು ಶುರುಮಾಡುವಾಗ ಮದುವೆಗೆ ಉಳಿದದ್ದು ಮೂರೇ ವಾರ. ನನ್ನ ಅಪ್ಪ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಿದ್ದು ನನಗೆ ನೆನಪಿಲ್ಲ. ಅದಕ್ಕೇ ಹೇಳುವುದು, ನಿಶ್ಚಿತಾರ್ಥದ ಮಾತು ಆದ ವಾರವೇ ಹೊರ ಊರಿನ ಪತ್ರಕ್ಕೆ ಬರೆಯಿರಿ. ಆ ಊರಿನಲ್ಲಿ ನೆಂಟರು ಇದ್ದರೆ ಅವರನ್ನೇ ಕಳಿಸಿ, ಕಾಗದ ಕೈಗೆ ಬಂದ ಕೂಡಲೇ ಪ್ರತಿ ಅಕ್ಷರ ಓದಿಸಿ.

ಹುಡುಗ ಅಥವಾ ಹುಡುಗಿ ಬೇರೆ ಧರ್ಮದವರಾದರೆ ಚರ್ಚಿನಲ್ಲಿ ಮದುವೆ ಆಗುವುದೇ ಇಲ್ಲ ಎನ್ನುವ ತಪ್ಪು ಕಲ್ಪನೆ ಇದೆ. ಆಗುತ್ತದೆ. ಬಿಷಪರ ವಿಶೇಷ ಅನುಮತಿ ಬೇಕು, ಮತಾಂತರ ಕಡ್ಡಾಯ ಅಲ್ಲ. ಕಥೋಲಿಕರು ತಮ್ಮ ವಿಶ್ವಾಸ ಉಳಿಸಿಕೊಳ್ಳುತ್ತೇನೆ, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ನನ್ನ ಕೈಲಾದದ್ದು ಮಾಡುತ್ತೇನೆ ಎಂದು ಮಾತು ಕೊಡಬೇಕು, ಇನ್ನೊಬ್ಬರಿಗೆ ಅದು ಗೊತ್ತಿರಬೇಕು. ಈ ವಿಷಯ ಮನೆಯಲ್ಲಿ ಜಗಳವಾಗುವ ಮುಂಚೆ ಫಾದರ್ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಕೂತು ಮಾತಾಡಿ.

ಮದುವೆಯ ಹಿಂದಿನ ಸಂಜೆ ರೋಸ್, ಅಂದರೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ. ವಾಳೆಯವರು ನಿಮ್ಮ ಮನೆಯವರಾಗುವುದು ಆ ಸಂಜೆ. ಮಧ್ಯಾಹ್ನವೇ ನಾಲ್ಕೈದು ಹೆಂಗಸರು ಬಂದು ತೆಂಗಿನಕಾಯಿ ತುರಿಯಲು ಕೂರುತ್ತಾರೆ, ದಪ್ಪ ಹಾಲು ಹಿಂಡಿ ತೆಗೆದಿಡುತ್ತಾರೆ. ಹಿರಿಯ ಹೆಂಗಸೊಬ್ಬರು ವೊವಿಯೊ (ಮದುವೆಯ ಹಳೆಯ ಹಾಡು) ಎತ್ತಿದರೆ ಉಳಿದವರು ಸೇರಿಕೊಳ್ಳುತ್ತಾರೆ. ನಮ್ಮಲ್ಲಿ ಮೊದಲು ತಂದೆತಾಯಿ ಹಚ್ಚುತ್ತಾರೆ, ಆಮೇಲೆ ನೆಂಟರು, ನೆರೆಯವರು. ಈಗ ಮೊಟ್ಟೆ, ಬಣ್ಣ, ಕೆಸರು ಎರಚಿ ಕುಣಿಯುವುದು ಶುರುವಾಗಿದೆ, ನನಗೆ ಅದು ಹಿಡಿಸುವುದಿಲ್ಲ. ಅದು ಆಶೀರ್ವಾದದ ಹಾಲು. ಮದುಮಗಳ ಪಕ್ಕದಲ್ಲಿ ಧೆಡಿ (ಜೊತೆಗಾತಿ), ಮದುಮಗನ ಪಕ್ಕದಲ್ಲಿ ಧೆಡೊ (ಜೊತೆಗಾರ) ಇರಲಿ, ಟವೆಲ್ ಮತ್ತು ನೀರು ಅವರ ಜವಾಬ್ದಾರಿ.

ಮದುವೆ ಪೂಜೆಯ ನಂತರ ಸಾಕ್ಷಿಗಳ ಜೊತೆ ಪುಸ್ತಕಕ್ಕೆ ಸಹಿ ಹಾಕಿ, ಸರ್ಟಿಫಿಕೇಟ್ ಆ ವಾರವೇ ತೆಗೆದುಕೊಳ್ಳಿ. ಬೇರೆ ಚರ್ಚಿನಲ್ಲಿ ಜ್ಞಾನಸ್ನಾನ ಆದವರಾದರೆ ಮದುವೆಯ ಸಾಲು ಅಲ್ಲಿಗೆ ಹೋಯಿತಾ ಎಂದು ಒಂದೆರಡು ತಿಂಗಳ ನಂತರ ಒಮ್ಮೆ ಕೇಳಿ.

ಹಾಸಿಗೆ ಹಿಡಿದವರ ಹತ್ತಿರ

ವಯಸ್ಸಾದವರು, ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಗುರಿಕಾರರಿಗೆ ತಿಳಿಸಿ. ಅವರು ಫಾದರ್ ಪಟ್ಟಿಗೆ ಸೇರಿಸುತ್ತಾರೆ, ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಮನೆಗೇ ಬರುತ್ತದೆ. ಒಂದು ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು ಇಡಿ. ಟಿವಿ ಆರಿಸಿ. ನಾಯಿ ಕಟ್ಟಿ. ಚಹಾ ಮಾಡಿ ಒತ್ತಾಯ ಮಾಡಬೇಡಿ, ಫಾದರಿಗೆ ಇನ್ನೂ ಹತ್ತು ಮನೆ ಇರುತ್ತದೆ.

ರೋಗಿಗಳ ಅಭ್ಯಂಗದ ಬಗ್ಗೆ ನಮ್ಮವರಲ್ಲಿ ಒಂದು ಹೆದರಿಕೆ ಇದೆ. ಫಾದರ್ ಎಣ್ಣೆ ಹಚ್ಚಲು ಬಂದರು ಅಂದರೆ ಮುಗಿಯಿತು ಅಂತ. ಹಾಗಲ್ಲ. ಅದು ಸಾಯುವವರಿಗೆ ಮಾತ್ರ ಇರುವ ಸಂಸ್ಕಾರ ಅಲ್ಲ, ದೊಡ್ಡ ಕಾಯಿಲೆ, ದೊಡ್ಡ ಆಪರೇಷನ್, ಮುಪ್ಪಿನ ನಿತ್ರಾಣ, ಎಲ್ಲಕ್ಕೂ ಕೇಳಬಹುದು, ಮತ್ತೆ ಕಾಯಿಲೆ ಬಿದ್ದರೆ ಮತ್ತೆ ಕೇಳಬಹುದು. ಪ್ರಜ್ಞೆ ಇರುವಾಗಲೇ ಕರೆಯಿರಿ. ಹಣೆಗೆ, ಎರಡೂ ಅಂಗೈಗೆ ಎಣ್ಣೆ ಹಚ್ಚುವಾಗ ರೋಗಿ ತಾನೇ ಆಮೆನ್ ಹೇಳಲಿ. ನನ್ನ ಮಾವನಿಗೆ ಹಚ್ಚುವಾಗ ಅವರು ಅಂಗೈಯನ್ನು ತಾವೇ ಬಿಚ್ಚಿ ಚಾಚಿದರು, ಪರಮಪ್ರಸಾದಕ್ಕೆ ಚಾಚಿದ ಹಾಗೆ. ಆಮೇಲೆ ಎರಡು ವರ್ಷ ಬದುಕಿದರು.

ಮನೆಯಲ್ಲಿ ಸಾವಾದರೆ

ಮೊದಲ ಫೋನ್ ಗುರಿಕಾರರಿಗೆ. ನಡುರಾತ್ರಿಯಾದರೂ ಮಾಡಿ. ಉಳಿದ ಕೆಲಸ ಅವರು ಹಂಚುತ್ತಾರೆ. ಫಾದರಿಗೆ ತಿಳಿಸುವುದು, ಚರ್ಚಿನ ಗಂಟೆ ಬಾರಿಸುವುದು, ಗುಂಡಿ ತೋಡುವವರನ್ನು ಕರೆಯುವುದು, ಪೆಟ್ಟಿಗೆ, ಹೂವು, ವಾಟ್ಸಾಪ್ ಸಂದೇಶ. ಮಕ್ಕಳು ಹೊರದೇಶದಲ್ಲಿದ್ದರೆ ಅವರು ಬರುವ ಗಂಟೆ ಖಚಿತವಾದ ಮೇಲೆಯೇ ಪೂಜೆಯ ಸಮಯ ಹೇಳಿ, ಎರಡು ಸಲ ಬದಲಾಯಿಸಿದರೆ ದೂರದಿಂದ ಬರುವವರು ತಪ್ಪಿಸಿಕೊಳ್ಳುತ್ತಾರೆ. ಮನೆಯಲ್ಲಿ ಸತ್ತರೆ 21 ದಿನದೊಳಗೆ ಪಂಚಾಯತಿನಲ್ಲಿ ಮರಣ ನೋಂದಣಿ ಮಾಡಿಸಿ. ದುಃಖದಲ್ಲಿ ಇದೊಂದು ಮರೆತೇ ಹೋಗುತ್ತದೆ, ಆಮೇಲೆ ಆಸ್ತಿಗೆ, ಪಿಂಚಣಿಗೆ ಅಲೆದಾಟ.

ನಮ್ಮ ವಾಳೆಯಲ್ಲಿ ಆ ದಿನ ಸತ್ತವರ ಮನೆಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಪಕ್ಕದ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ಗಂಜಿ ಬರುತ್ತದೆ, ಇನ್ನೊಂದು ಮನೆಯಿಂದ ಚಟ್ನಿ, ಉಪ್ಪಿನಕಾಯಿ. ತರುವವರಲ್ಲಿ ಅರ್ಧ ಜನ ಕ್ರೈಸ್ತರಲ್ಲ. ಶೆಟ್ಟರ ಮನೆಯವರು, ಪೂಜಾರಿಯವರ ಮನೆಯವರು ಬೆಂಚು ಜೋಡಿಸಿ, ಶಾಮಿಯಾನ ಕಟ್ಟಿ ಕೊಡುತ್ತಾರೆ.

ಆ ನೆರೆಯವರಿಗೂ ಎರಡು ಮಾತು. ನೀವು ಚರ್ಚಿನೊಳಗೆ ಬರಬಹುದು, ಪೂಜೆಯುದ್ದಕ್ಕೂ ಕೂರಬಹುದು. ಎಲ್ಲರೂ ಎದ್ದಾಗ ಏಳಿ, ಮಂಡಿಯೂರುವಾಗ ಬೇಕಿದ್ದರೆ ಕೂತೇ ಇರಿ. ಪರಮಪ್ರಸಾದಕ್ಕೆ ಸಾಲು ಹೋಗುವಾಗ ಮಾತ್ರ ನಿಮ್ಮ ಜಾಗದಲ್ಲೇ ಇರಿ, ಅದು ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಕೊಡುವುದಲ್ಲ. ಯಾರೂ ತಪ್ಪು ತಿಳಿಯುವುದಿಲ್ಲ. ಗುಂಡಿಯ ಹತ್ತಿರ ಒಂದು ಹಿಡಿ ಮಣ್ಣು ಎಲ್ಲರೂ ಹಾಕಬಹುದು.

ಏಳನೇ ದಿನ, ತಿಂಗಳು, ವರ್ಷ, ಈ ದಿನಗಳಿಗೆ ಪೂಜೆ ಹೇಳಿಸುವುದಾದರೆ ಮೊದಲೇ ಆಫೀಸಿನಲ್ಲಿ ಬರೆಸಿ. ನವೆಂಬರ್ 2ರಂದು, ಮೃತರ ದಿನ, ಸಮಾಧಿ ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚಲು ಎಲ್ಲರೂ ಬರುತ್ತಾರೆ. ಹಿಂದಿನ ಭಾನುವಾರವೇ ಹೋಗಿ ಹುಲ್ಲು ಕೆತ್ತಿ ಬನ್ನಿ, ಮಳೆಗೆ ಮೊಣಕಾಲೆತ್ತರ ಬೆಳೆದಿರುತ್ತದೆ. ಯಾರೂ ಬಾರದ ಸಮಾಧಿ ಪಕ್ಕದಲ್ಲಿದ್ದರೆ ಅದಕ್ಕೂ ಒಂದು ಬತ್ತಿ ಹಚ್ಚಿ.

ಉಳಿದ ದಿನಗಳು

ಸಂಸ್ಕಾರಗಳ ನಡುವಿನ ದಿನಗಳಲ್ಲೇ ನೀವು ಚರ್ಚಿನವರಾಗುವುದು. ಶನಿವಾರ ಚರ್ಚು ಗುಡಿಸುವ ಸರದಿ ವಾಳೆಗೊಂದು ವಾರ ಬರುತ್ತದೆ, ಪೊರಕೆ ಹಿಡಿದುಕೊಂಡು ಹೋಗಿ. ದುಡ್ಡು ಕೊಟ್ಟು ಬೇರೆಯವರನ್ನು ಕಳಿಸಬೇಡಿ. ಬೆಂಚು ಒರೆಸುವಾಗ ಆಗುವ ಪರಿಚಯ ಯಾವ ಸಭೆಯಲ್ಲೂ ಆಗುವುದಿಲ್ಲ. ಹಾಡಲು ಬಂದರೆ ಗಾಯನ ಮಂಡಳಿ, ಹುಡುಗ ಹುಡುಗಿಯರಿಗೆ ಐಸಿವೈಎಂ ಎನ್ನುವ ಕಥೋಲಿಕ ಯುವಜನರ ಸಂಘ, ಹೆಂಗಸರಿಗೆ ಸ್ತ್ರೀ ಸಂಘಟನೆ, ಊರ ಕೆಲಸದಲ್ಲಿ ಆಸಕ್ತಿ ಇದ್ದರೆ ಕ್ಯಾಥೊಲಿಕ್ ಸಭಾ. ಎಲ್ಲದಕ್ಕೂ ಸೇರಬೇಡಿ, ಒಂದಕ್ಕೆ ಸೇರಿ ಬಿಡದೆ ಹೋಗಿ. ನನ್ನನ್ನು ಕೇಳಿದರೆ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಅನ್ನುತ್ತೇನೆ. 1833ರಲ್ಲಿ ಪ್ಯಾರಿಸಿನಲ್ಲಿ ಕೆಲವು ಕಾಲೇಜು ಹುಡುಗರು ಶುರುಮಾಡಿದ್ದು, ಇವತ್ತಿಗೂ ನಮ್ಮಂಥ ಹಳ್ಳಿಯಲ್ಲಿ ಬಡವರ ಮನೆಗೆ ಅಕ್ಕಿ, ಔಷಧಿ ಹಿಡಿದು ಸದ್ದಿಲ್ಲದೆ ಹೋಗಿ ಬರುತ್ತದೆ.

ಹೊಸಬರು ಕಾಲಿಡಲು ವರ್ಷದಲ್ಲಿ ಅತ್ಯಂತ ಒಳ್ಳೆಯ ಸಮಯ ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಹಬ್ಬ. ಮಕ್ಕಳು ದಿನವೂ ಹೂವು ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಹಾಕಬೇಕು. ಅಂಗಡಿಯ ಹೂವು ಬೇಡ. ಬೆಳಿಗ್ಗೆ ಬೇಗ ಎಬ್ಬಿಸಿ, ಬೇಲಿಯ ದಾಸವಾಳ, ಗೌರಿಹೂವು, ಗದ್ದೆ ಬದುವಿನ ಕಾಡುಹೂವು, ಏನು ಸಿಕ್ಕಿತೋ ಅದನ್ನು ಸಣ್ಣ ಬುಟ್ಟಿಯಲ್ಲಿ ಅವರೇ ಕೊಯ್ದು ತರಲಿ. ಬೇಲಿ ಪಕ್ಕದ ಮನೆಯದಾದರೆ ಕೇಳಿ ಕೊಯ್ಯಲು ಹೇಳಿ, ಕೊಡುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಅಲ್ತಾರಿನ (ದೇವರ ಪೀಠದ) ಮುಂದೆ ತೆನೆ ಇಟ್ಟು ಪ್ರಾರ್ಥನೆ ಮಾಡಿ, ಮನೆಯಲ್ಲಿ ಹಿರಿಯರು ಯಾರೋ ಅವರು ಕಾಳು ಬಿಡಿಸಿ, ಸುಲಿದು, ಪುಡಿ ಮಾಡಿ ತೆಂಗಿನ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಚಮಚ ಕೊಡಲಿ. ಊಟ ಬಾಳೆಲೆಯಲ್ಲಿ, ಆ ದಿನ ಮೀನು ಮಾಂಸ ಇಲ್ಲ. ಪಲ್ಯ ಪದಾರ್ಥ ಮೂರು, ಐದು, ಏಳು ಅಂತ ಬೆಸ ಸಂಖ್ಯೆಯಲ್ಲಿ ಇರಬೇಕು. ಹರಿವೆ ದಂಟು, ಕೆಸು, ಬೆಂಡೆ, ಹೀರೆ, ಅಂಬಟೆ, ಕಾಲಕ್ಕೆ ಸಿಗುವುದು ಸಾಕು. ಒಬ್ಬಂಟಿಯಾಗಿ ಇರುವವರು ವಾಳೆಯಲ್ಲಿ ಇದ್ದರೆ ಅವರಿಗೂ ಒಂದು ಎಲೆ ಹಾಕಿ. ಬಾಡಿಗೆ ಮನೆಯ ಒಬ್ಬಂಟಿ ನೀವೇ ಆಗಿದ್ದರೆ ಗುರಿಕಾರರ ಮನೆಯಿಂದ ಕರೆ ಬರುತ್ತದೆ, ಇಲ್ಲ ಅನ್ನಬೇಡಿ.

ದೂರದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಎತ್ತಿಡುವುದು ಎಲ್ಲರ ಮನೆಯಲ್ಲೂ ಇದೆ. ಹಸಿ ಇರುವಾಗಲೇ ಲಕೋಟೆಗೆ ಹಾಕಬೇಡಿ, ಸೆಪ್ಟೆಂಬರಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಎರಡು ದಿನ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿಟ್ಟು, ಪೇಪರಿನಲ್ಲಿ ಮಡಿಚಿ, ಆಮೇಲೆ ಅಂಚೆಗೆ ಹಾಕಿ. ಹೊರದೇಶಕ್ಕೆ ಕಾಳು ಕಳಿಸಲು ಎಷ್ಟೋ ಕಡೆ ಬಿಡುವುದಿಲ್ಲ, ಅಲ್ಲಿರುವವರ ಪಾಲನ್ನು ಅಲ್ತಾರಿನ ಹತ್ತಿರವೇ ಒಂದು ಡಬ್ಬಿಯಲ್ಲಿಡಿ, ರಜೆಗೆ ಬಂದಾಗ ಕೊಡಬಹುದು.